ಎರಡನೆಯ ಸವಾರ

ಸಂಪಗಾಂವ, ತಾ. ಬೈಲಹೊಂಗಲ
ಸೋಮವಾರ, ೧೮ ನವೆಂಬರ್ ೨೦೨೪

ಪ್ರೀತಿಯ ತಮ್ಮ ಅಮೋಘಸಿದ್ದಪ್ಪಾ,

ನಿನ್ನ ಸೊಂಟನೋವು ಹೇಗಿದೆ? ಬಸ್ಸಿನ ಡ್ರೈವರ್ ಸೀಟಿಗೆ ಹತ್ತಿಯ ದಿಂಬು ಹಾಕಿಕೊಂಡಿದ್ದೀಯಂತೆ, ಒಳ್ಳೆಯದು ಮಾಡಿದೆ. ನಿನ್ನ ಮನೆಯಾಕೆ ಮೀನಾಳ ಮೊಣಕಾಲಿನ ಬಾವು ಇಳಿಯಿತೇ? ಮಗ ಅರ್ಜುನ ನಿನ್ನಷ್ಟೇ ಎತ್ತರ ಬೆಳೆದನಂತೆ, ನಿಜವೇ? ಇದನ್ನೆಲ್ಲ ನನಗೆ ಯಾರು ಹೇಳಿದರೆಂದು ಕೇಳಬೇಡ. ಈ ಮನೆಯ ಗೋಡೆಗಳಿಗೂ ರಾಮದುರ್ಗದ ಸುದ್ದಿ ಗೊತ್ತು. ನನ್ನ ಮುಂದೆ ಮಾತ್ರ ಎಲ್ಲರೂ ಗೊತ್ತಿಲ್ಲದವರ ಪಾರ್ಟು ಹಾಕುತ್ತಾರೆ. ನಿಮ್ಮ ಅತ್ತಿಗೆ ದೇವಕ್ಕ ಮೊನ್ನೆ ಶೇಂಗಾ ಚಟ್ನಿ ಕುಟ್ಟಿ ಎರಡು ಡಬ್ಬಿ ತುಂಬಿದ್ದನ್ನು ನಾನು ಕಣ್ಣಾರೆ ಕಂಡೆ. ಮರುದಿನ ನೋಡಿದರೆ ಒಂದೇ ಡಬ್ಬಿ. ಕೇಳಿದರೆ "ಬೆಕ್ಕ ತಿಂತ್ರಿ" ಅಂದಳು. ಡಬ್ಬಿಯ ಸಮೇತ ಚಟ್ನಿ ತಿಂದು, ಬಸ್ಸು ಹತ್ತಿ ರಾಮದುರ್ಗಕ್ಕೆ ಹೋಗುವ ಬೆಕ್ಕು! ಖಾರ ಸರಿಯಿತ್ತೇ?

ಹನ್ನೊಂದು ವರ್ಷದ ಮೇಲೆ ಅಣ್ಣನ ಕಾಗದ ಬಂತೆಂದರೆ ಯಾರೋ ಸತ್ತಿರಬೇಕೆಂದು ನಿನ್ನ ಎದೆ ಹಾರಿರಬಹುದು. ಯಾರೂ ಸತ್ತಿಲ್ಲ. ನಾನು ಗಟ್ಟಿಯಾಗಿದ್ದೇನೆ, ಎಮ್ಮೆ ನನಗಿಂತ ಗಟ್ಟಿಯಾಗಿದೆ. ಎಡಗಿವಿ ಮಾತ್ರ ಹಾಗೆಯೇ ಇದೆ: ಹೊರಗಿನ ಮಾತು ಒಂದೂ ಒಳಗೆ ಬಾರದು, ಒಳಗೆ ಮಾತ್ರ ದಿನವಿಡೀ ಒಗ್ಗರಣೆಯ ಸಾಸಿವೆ ಸಿಡಿಯುತ್ತಿರುತ್ತದೆ. ಫೋನು ಯಾಕೆ ಮಾಡಲಿಲ್ಲವೆಂದರೆ, ಫೋನಿನಲ್ಲಿ ನನ್ನ ದನಿ ಏರುತ್ತದೆ, ನಿನ್ನದು ಇಳಿಯುತ್ತದೆ. ಕಾಗದದಲ್ಲಿ ಇಬ್ಬರದೂ ಒಂದೇ ಅಳತೆಯಲ್ಲಿರುತ್ತದೆ. ಅಲ್ಲದೆ ನಾನು ಇಲ್ಲಿ ಕೇಳಹೊರಟಿರುವುದು ಒಂದೇ ಒಂದು ಪ್ರಶ್ನೆ, ನೀನು ನಡುವೆ ಬಾಯಿ ಹಾಕದೆ ಕೇಳಬೇಕಾದ ಪ್ರಶ್ನೆ. ಅಂದು ರಂಗದ ಮೇಲೆ ನಿನ್ನ ಕೈ ಬೇಕೆಂದೇ ನನಗೆ ಹೊಡೆಯಿತೋ, ನಿಲ್ಲಲಾರದೆ ಹೊಡೆಯಿತೋ? ಈ ಸಂಶಯವನ್ನು ಹನ್ನೊಂದು ವರ್ಷ ಸಾಕಿದ್ದೇನೆ ತಮ್ಮಾ. ಅದೀಗ ನನಗಿಂತ ದೊಡ್ಡದಾಗಿ ಬೆಳೆದು ಅಂಗಳದ ತುಂಬ ಕೂತಿದೆ.

ನೆನಪಿದೆಯಲ್ಲ! ಅಪ್ಪ ಹಾರ್ಮೋನಿಯಂ ಪೇಟಿ ಬಾರಿಸುತ್ತ ನಾಟಕದ ಕಂಪನಿಗಳ ಬೆನ್ನು ಹತ್ತಿದವನು. ನಾವಿಬ್ಬರೂ ಪರದೆಯ ಹಿಂದೆ ಬಣ್ಣದ ಟ್ರಂಕಿನ ಮೇಲೆ ಮಲಗಿ ಬೆಳೆದವರು. ಅವನೇ ಬರೆದುಕೊಟ್ಟ ಅಣ್ಣ-ತಮ್ಮಂದಿರ ನಾಟಕವನ್ನು ಕಿತ್ತೂರಿನಲ್ಲಿ ಆಡಿದೆವು, ಸವದತ್ತಿಯಲ್ಲಿ ಆಡಿದೆವು, ಇಪ್ಪತ್ತು ವರ್ಷ ಆಡಿದೆವು! ಮೂರನೆಯ ಅಂಕ. ತಮ್ಮ ಸಿಟ್ಟಿನಿಂದ ಅಣ್ಣನ ಕೆನ್ನೆಗೆ ಕೈ ಬೀಸುತ್ತಾನೆ. ಕೈ ಇನ್ನೇನು ಬಂತು ಅನ್ನುವಾಗ ಅಣ್ಣ ಗುಡುಗುತ್ತಾನೆ: "ತಡಿ ತಮ್ಮಾ! ನೀ ಹುಟ್ಟಿದ ದಿನ ನಿನ್ನ ಅಳು ನಿಲ್ಲಿಸಿದ ಕೆನ್ನಿ ಇದು!" ಕೈ ನಾಲ್ಕು ಬೆರಳು ದೂರದಲ್ಲಿ ನಿಲ್ಲುತ್ತದೆ, ಪೇಟಿ ನಿಲ್ಲುತ್ತದೆ, ಜನರ ಉಸಿರು ನಿಲ್ಲುತ್ತದೆ, ಆಮೇಲೆ ಚಪ್ಪಾಳೆ! ಅಪ್ಪ ಕಲಿಸಿದ ಕಟ್ಟಳೆ ನೆನಪಿದೆಯೇ? "ನಿಲ್ಲಸ್ತೇನಿ ಅಂತ ಮೊದಲ ತಿಳ್ಕೊಂಡ ಬೀಸಿದ್ರ ಕೈ ಸುಳ್ಳ ಹೇಳತೈತಿ. ಹೊಡೀತೇನಿ ಅಂತನ ಬೀಸು. ಮಾತ ಕಿವಿಗೆ ಬಿದ್ದ ಮ್ಯಾಲ ನಿಲ್ಲಸು." ಇಪ್ಪತ್ತು ವರ್ಷ ನೀನು ಹಾಗೆಯೇ ಬೀಸಿದೆ, ಹಾಗೆಯೇ ನಿಲ್ಲಿಸಿದೆ. ನಿನ್ನ ಅಂಗೈಯ ಗಾಳಿ ನನ್ನ ಮೀಸೆಗೆ ತಾಕಿತೇ ಹೊರತು ಅಂಗೈ ತಾಕಲಿಲ್ಲ. ಆದರೆ ಆ ಸಲ, ನಮ್ಮೂರ ಸಾಲೆಯ ಬಯಲಿನಲ್ಲಿ, ಸ್ವಂತ ಜನರ ಮುಂದೆ, ಛಟೀರ್! ಅಣ್ಣನ ಪಾರ್ಟಿನವನು ಕಿರೀಟದಂಥ ಪೇಟ ಸಮೇತ ಪೇಟಿಯ ಮೇಲೆ ಬಿದ್ದ. ಕಿವಿಯ ತಮಟೆ ಹರಿಯಿತು. ಅದೇ ದಿನ ಮಧ್ಯಾಹ್ನ ನಾನು ನಿನ್ನ ಒಂದು ಪುಟದ ಮಾತು ಕತ್ತರಿಸಿದ್ದೆ, ನೀನು ಊಟ ಬಿಟ್ಟು ಎದ್ದಿದ್ದೆ. ಸಂಶಯ ಬರದೆ ಏನು ಮಾಡೀತು? ನೀನು ಅಳುತ್ತ "ಅಣ್ಣಾ, ನಾ ನಿಲ್ಲಸಾಕ ನೋಡಿದೆ, ಕೈ ನಿಲ್ಲಲಿಲ್ಲ" ಅಂದೆ. ನಾನು ನಾಲ್ಕು ಮಂದಿ ಕೇಳುವಂತೆ "ಕೈ ಏನ ಸವದತ್ತಿ ಸಂತ್ಯಾಗ ಬಾಡಿಗಿ ತಂದಿದ್ದೇನಲೇ?" ಅಂದೆ. ಎಲ್ಲರೂ ನಕ್ಕರು. ಒಳ್ಳೆಯ ಮಾತು ಅದು, ಇಂದಿಗೂ ಊರಲ್ಲಿ ಓಡುತ್ತದೆ. ಮುಂದಿನ ತಿಂಗಳು ನೀನು ರಾಮದುರ್ಗಕ್ಕೆ ವರ್ಗ ಮಾಡಿಸಿಕೊಂಡು ಹೋದೆ. ಬೈಲಹೊಂಗಲದ ರೂಟು ಬಂದರೆ ಬೇರೆಯವರಿಗೆ ಬಿಟ್ಟುಕೊಡುತ್ತೀಯೆಂದೂ ಕೇಳಿದ್ದೇನೆ.

ಈಗ ಮುಖ್ಯ ಪ್ರವೇಶ. ನೀಲಕಂಠ ಮಾಸ್ತರರ ಮಗಳು ಹರಿಪ್ರಿಯಾ ಹೋದ ವಾರ ಊರಿಗೆ ಬಂದಿದ್ದಳು. ಮನುಷ್ಯ ಒಂದು ವಸ್ತುವಿಗೆ ಕೈ ಚಾಚುವಾಗ ಮಿದುಳು ಏನೇನು ಮಾಡುತ್ತದೆ, ಚಾಚಿದ ಕೈಯನ್ನು ಹೇಗೆ ತಡೆಯುತ್ತದೆ ಎಂಬುದು ಅವಳ ಓದು. ಐವತ್ತು ದಾಟಿದವರ ಕೈಗಳು ಬೇಕಂತೆ. ಸಾಲೆಯ ಕೋಣೆಯೊಂದರಲ್ಲಿ ಮೇಜು, ಮೇಜಿನ ಮೇಲೆ ತಾಟಿನಷ್ಟು ಅಗಲದ ಗಾಜಿನ ಪರದೆ, ಮಣಿಕಟ್ಟಿಗೆ ಒಂದು ಪಟ್ಟಿ. "ಬೆರಳ ಮುಟ್ಟಸ್ರಿ ಲಕ್ಕಪ್ಪಕಾಕಾ" ಅಂದಳು. ಅಂದದ್ದೇ ತಡ, ನನ್ನ ಎದೆಯಲ್ಲಿ ನಗಾರಿ! ಬೆರಳು ಮುಟ್ಟಿಸುವುದೆಂದರೇನು? ರೇಷನ್ ಅಂಗಡಿಯಲ್ಲಿ ಮುಟ್ಟಿಸಿದರೆ ಅಕ್ಕಿ ಬರುತ್ತದೆ, ಕಚೇರಿಯಲ್ಲಿ ಮುಟ್ಟಿಸಿದರೆ ಹೊಲ ಹೋಗುತ್ತದೆ. ಇದು ಯಾವುದು? ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟು ಉಂಗುರದ ಬೆರಳನ್ನಷ್ಟೇ ಹೊರಗೆ ಬಿಟ್ಟೆ. ಆ ಹುಡುಗಿ ನಗಲಿಲ್ಲ. "ಯಾವ ಬೆರಳಾದ್ರೂ ನಡೀತದ್ರಿ ಕಾಕಾ" ಅಂದಳು. ನಗದಿದ್ದುದಕ್ಕೇ ನನಗೆ ಇನ್ನಷ್ಟು ಸಂಶಯ. ಮೇಲಾಗಿ ಅವಳಪ್ಪ ನಾಲ್ಕು ವರ್ಷ ರಾಮದುರ್ಗದಲ್ಲಿ ನೌಕರಿ ಮಾಡಿದವರು, ನಿನ್ನ ಬಸ್ಸಿನಲ್ಲಿ ಓಡಾಡಿದವರು! ಇವಳನ್ನು ನೀನೇ ಕಳಿಸಿದೆಯೋ ಹೇಗೆ? ಈ ಪ್ರಶ್ನೆಯನ್ನೂ ಉತ್ತರಕ್ಕೆ ಇಟ್ಟುಕೋ.

ಪರದೆಯ ಮೇಲೆ ಹಳದಿ ಬಿಲ್ಲೆಯೊಂದು ಮೂಡುತ್ತದೆ, ಕೈ ಚಾಚಿ ಅದನ್ನು ಮುಟ್ಟಬೇಕು. ಇಷ್ಟೇ. ಆದರೆ ಕೈ ಅರ್ಧ ಹಾದಿಯಲ್ಲಿದ್ದಾಗ ಬಿಲ್ಲೆ ಪಕ್ಕಕ್ಕೆ ಜಿಗಿಯಿತು. ಕೇಳು ತಮ್ಮಾ, ಬಿಲ್ಲೆ ಜಿಗಿದದ್ದು ನನ್ನ ಅರಿವಿಗೆ ಬರುವ ಮೊದಲೇ ನನ್ನ ಕೈ ಹಾದಿ ತಿರುಗಿಸಿ ಅದನ್ನು ಹಿಡಿದಿತ್ತು! ಯಾರ ಅಪ್ಪಣೆ ಪಡೆದು? ಐವತ್ತೆಂಟು ವರ್ಷ ಈ ಕೈಗೆ ನಾನೇ ಧಣಿ ಎಂದುಕೊಂಡಿದ್ದೆ. ಅಂದು ಸಂಜೆ ಊಟಕ್ಕೆ ಕೂತು ರೊಟ್ಟಿಗೆ ಚಾಚಿದ ಕೈಯನ್ನೇ ಕಳ್ಳನನ್ನು ನೋಡಿದಂತೆ ನೋಡಿದೆ. ಹರಿಪ್ರಿಯಾ ಹೇಳಿದಳು: "ಕೈ ಏಳೂ ಮೊದಲ ಮಿದುಳಿನಾಗ ಅದರ ಹಾದಿ ತಯಾರಾಗಿರ್ತದ ಕಾಕಾ. ನಿಲ್ಲು ಅನ್ನೋದು ಬ್ಯಾರೆ ಹುಕುಂ. ಎರಡೂ ಓಡತಾವ, ಯಾವದು ಮೊದಲ ಮುಟ್ಟತದೋ ಅದು ಗೆದ್ದಂಗ." ನಾನು ನಮ್ಮ ಭಾಷೆಯಲ್ಲಿ ತಿಳಿದುಕೊಂಡೆ. ಅರಮನೆಯಿಂದ ಒಬ್ಬ ಸವಾರ "ಹೊಡಿ" ಎಂಬ ಆಜ್ಞೆ ಹೊತ್ತು ಹೊರಟ. ಹಿಂದಿನಿಂದ "ತಡಿ" ಎಂಬ ಆಜ್ಞೆ ಹೊತ್ತ ಎರಡನೆಯ ಸವಾರ. ಅವನ ಕುದುರೆ ಚುರುಕು, ಮೊದಲಿನವನನ್ನು ದಾಟಿ ಕೋಟೆಯ ಬಾಗಿಲು ಮುಚ್ಚಿಸಬಲ್ಲ. ಆದರೆ ಅವನನ್ನು ತಡವಾಗಿ ಬಿಟ್ಟರೆ? ಕುದುರೆ ಎಷ್ಟು ಚುರುಕಿದ್ದರೇನು, ಮುಟ್ಟುವ ಹೊತ್ತಿಗೆ ಊರು ಉರಿದಿರುತ್ತದೆ!

ಮುಂದಿನ ಆಟ ಅದೇ. ಬಿಲ್ಲೆಗೆ ಕೈ ಚಾಚಬೇಕು. ನಡುವೆ ಕುಂಯ್ ಎಂದು ಸದ್ದಾದರೆ ನಿಲ್ಲಿಸಬೇಕು. ನಾನೇನು ಕಡಿಮೆಯೇ, ಸದ್ದು ಬರುತ್ತದೋ ಇಲ್ಲವೋ ಎಂದು ಸಂಶಯದಿಂದ ಕೈಯನ್ನು ಆಮೆಯಂತೆ ಬಿಟ್ಟೆ. ಹುಡುಗಿ ಹಿಡಿದುಬಿಟ್ಟಳು: "ಕಾಯಬ್ಯಾಡ್ರಿ ಕಾಕಾ. ಮುಟ್ಟತೇನಿ ಅಂತನ ಬಿಡ್ರಿ ಕೈ." ಅಪ್ಪನೇ ಎದ್ದು ಬಂದು ಹೇಳಿದಂತಾಯಿತು. ಸರಿ, ಬಿಟ್ಟೆ. ಮೊದಲ ಐದು ಸಲ ನಿಲ್ಲಿಸಿದೆ, ಮೀಸೆ ತಿರುವಿದೆ. ಯಂತ್ರ ಎಂಥ ಧೂರ್ತ ಗೊತ್ತೇ? ನಾನು ನಿಲ್ಲಿಸಿದಂತೆಲ್ಲ ಅದು ಸದ್ದನ್ನು ಇನ್ನಷ್ಟು ತಡ ಮಾಡುತ್ತ ಹೋಯಿತು. ಆರನೆಯ ಸಲ ಬೆರಳು ಬಿಲ್ಲೆಗೆ ಬಡಿಯಿತು. ಏಳನೆಯ ಸಲ ಪಾಸು. ಎಂಟಕ್ಕೆ ಮತ್ತೆ ಬಡಿಯಿತು. ನಿಲ್ಲು ನಿಲ್ಲು ಎಂದು ಒಳಗೆ ಅರಚುತ್ತಿದ್ದೇನೆ, ಕೈ ಹೋಗುತ್ತಲೇ ಇದೆ! ನನ್ನ ತಾಳ್ಮೆ ಹರಿಯಿತು. ಕುರ್ಚಿ ಬಿಟ್ಟೆದ್ದು, ಸಾಲೆಯ ಹಂಚು ನಡುಗುವಂತೆ ಗುಡುಗಿದೆ: "ಮೋಸ! ಇದು ಮೋಸ! ಕೂಗು ತಡಾ ಮಾಡಿ ಕೊಟ್ರ ಕೈ ಹೆಂಗ ನಿಲ್ಲತೈತಿ? ಇದು ಕೈಯ ತಪ್ಪಲ್ಲ, ಕೂಗಿದವನ ತಪ್ಪು!"

ನನ್ನ ಜೊತೆ ಬಂದು ಬಾಗಿಲಲ್ಲಿ ಕೂತಿದ್ದ ದೇವಕ್ಕ ಆರಿಸುತ್ತಿದ್ದ ಹೆಸರುಕಾಳಿನ ಮೊರವನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. ಮನೆಗೆ ಬರುವ ಹಾದಿಯಲ್ಲಿ, ಕೆರೆಯ ತಿರುವಿನಲ್ಲಿ, ಮೆಲ್ಲಗೆ ಕೇಳಿದಳು: "ಅವತ್ತ ಕೂಗಿದವರು ಯಾರ್ರಿ?" ಎಡಗಿವಿಯ ಕಡೆ ಕೇಳಿದಳೆಂಬಂತೆ ಕೇಳಿಸದವನಾಗಿ ನಡೆದೆ. ಆದರೆ ಅವಳು ನಡೆಯುತ್ತಿದ್ದುದು ಬಲಗಡೆ.

ಇದೆಲ್ಲ ನೀನು, ಮೀನಾ, ನಿಮ್ಮ ಅತ್ತಿಗೆ, ಮಾಸ್ತರರ ಮಗಳು ಕೂಡಿ ಬರೆದ ನಾಟಕವೆಂದು ನಾಲ್ಕು ದಿನ ಸಂಶಯಪಟ್ಟೆ. ದೇವಕ್ಕನ ಫೋನನ್ನೂ ತೆಗೆದು ನೋಡಿದೆ. ಅದರಲ್ಲಿ ನಿನ್ನ ಸೊಂಟನೋವಿನ ವಿಚಾರವಷ್ಟೇ ಇತ್ತು, ಯಂತ್ರದ ಮಾತೇ ಇರಲಿಲ್ಲ. ನಿನ್ನ ಕೈಯ ಮೇಲಿನ ಸಂಶಯವನ್ನು ಎಂಟಾಣೆ ಬಿಟ್ಟಿದ್ದೇನೆ ಎಂದು ತಿಳಿ. ಉಳಿದ ಎಂಟಾಣೆಯ ಮಾತು ಎದುರಿಗೆ. ಸೊಂಟಕ್ಕೆ ಉಪ್ಪಿನ ಕಾವು ಕೊಡಿಸು, ಆಡು ಅಡ್ಡ ಬರುವ ಹಾದಿಯಲ್ಲಿ ಸಾವಕಾಶ ಓಡಿಸು. ಮೀನಾಳಿಗೆ ಮನೆಯ ಹಿರಿಯನ ಹರಕೆ, ಅರ್ಜುನನ ತಲೆಯ ಮೇಲೆ ದೊಡ್ಡಪ್ಪನ ಕೈ. ಅಪ್ಪನ ಪೇಟಿಯನ್ನು ಒರೆಸಿ ಇಟ್ಟಿದ್ದೇನೆ, ನಾನು ಬಿದ್ದಾಗ ಮುರಿದ ಎರಡು ಸ್ವರದ ಮನೆ ಇನ್ನೂ ಮುರಿದೇ ಇವೆ.

ಇಂತಿ ನಿನ್ನ ಅಣ್ಣ,
ಲಕ್ಕಪ್ಪ

ತಾ.ಕ. ಲಕೋಟೆ ಅಂಟಿಸಿದವನು ಮತ್ತೆ ಹರಿದೆ. ಟಪಾಲಿನವನು ಕಟ್ಟೆಯ ಮೇಲೆ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಆ ಸಲ ಎರಡನೆಯ ಅಂಕದಲ್ಲಿ ನಿನ್ನ ಮಾತಿಗೆ ಮೂರು ಸಲ ಸೀಟಿ ಬಿದ್ದವು, ನನ್ನ ಮಾತಿಗೆ ಒಂದೂ ಬೀಳಲಿಲ್ಲ. ನೀನು ಕೈ ಎತ್ತಿದಾಗ ಇಡೀ ಬಯಲು ಉಸಿರು ಹಿಡಿಯಿತು. ಆ ಮೌನ ನನ್ನದು, ಇನ್ನೊಂದು ಚೂರು ಇರಲಿ ಅನ್ನಿಸಿತು. "ತಡಿ" ಎಂಬ ಮಾತನ್ನು ನಾಲಿಗೆಯ ತುದಿಯಲ್ಲಿ ಹಿಡಿದೆ. ಮರೆತದ್ದಲ್ಲ, ಹಿಡಿದದ್ದು. ಅರ್ಧ ಉಸಿರಿನಷ್ಟು. ನಿನ್ನ ಕೈ ಬರುತ್ತಿದ್ದಾಗ ನಿನ್ನ ಕಣ್ಣು ನನ್ನ ಕೆನ್ನೆಯ ಮೇಲಿರಲಿಲ್ಲ ತಮ್ಮಾ, ನನ್ನ ಬಾಯಿಯ ಮೇಲಿತ್ತು. ಅದನ್ನು ಅಂದೇ ನೋಡಿದ್ದೆ. ದೇವಕ್ಕನಿಗೂ ಹೇಳಿಲ್ಲ. ಈ ರವಿವಾರ ಬೈಲಹೊಂಗಲದ ರೂಟು ಹಾಕಿಸಿಕೊಂಡು ಬಾ. ಬೈಯುವುದಿದ್ದರೆ ಬಲಗಡೆ ಕುಳಿತು ಬೈ, ಎಡಗಿವಿಗೆ ಕೇಳಿಸುವುದಿಲ್ಲ.