ಬಂದ್ ಮಾಡಿದ್ದ ಮೋಟಾರು

ಬೇವೂರು, ತಾ. ಬಾಗಲಕೋಟೆ
೧೨ ಫೆಬ್ರವರಿ ೨೦೨೫

ತಮ್ಮಾ ಹಣಮೇಶ,

ಹೇಗಿದ್ದೀಯಪ್ಪಾ? ಮಡಗಾಂವದ ಉಪ್ಪುಗಾಳಿ ನಿನಗೆ ಒಗ್ಗಿತೋ ಇಲ್ಲವೋ. ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಬರೇ ಪಾವ್ ತಿಂದು ಮಲಗುತ್ತೀಯೋ ಎಂದು ಅವ್ವನಿಗೆ ದಿನಾ ಅದೇ ಚಿಂತೆ. ಅವರ ಮೊಣಕಾಲು ಈಗ ಅಡ್ಡಿಯಿಲ್ಲ. ಕರಿ ಕುರಿ ಜೋಡಿ ಮರಿ ಹಾಕಿದೆ. ಫೋನ್ ಹಚ್ಚಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಪೂರ್ತಿ ಓದು.

ನನ್ನ ಮಗಳು ವಿದ್ಯಾಳದು ಇಂಜಿನಿಯರಿಂಗ್ ಕಡೇ ವರ್ಷ. ಪ್ರಾಜೆಕ್ಟಿಗೆಂದು ನಮ್ಮ ಬಾವಿಯ ಮೋಟಾರನ್ನು ಫೋನಿನಿಂದ ನಡೆಸುವ ಆ ಡಬ್ಬಿಯನ್ನೇ ಬಿಚ್ಚಿ ಬಾಗಲಕೋಟೆಗೆ ಒಯ್ದಿದ್ದಳು. ನನಗೂ ಅದು ಕಣ್ಣೆದುರು ಇರದಿದ್ದರೆ ಸಾಕಾಗಿತ್ತು. ಹೋದ ಶನಿವಾರ ಕಾಲೇಜಿಗೆ ಕರೆದೊಯ್ದು ತೋರಿಸಿದಳು. ಡಬ್ಬಿ ಹೇಗೆ ನಡೆಯಬೇಕು ಎಂಬುದರ ಚಿತ್ರ ಬರೆದಿದ್ದಾಳೆ. ನಾವು ಕಟ್ಟೆಯ ಮೇಲೆ ಪಗಡೆಯಾಟಕ್ಕೆ ಮನೆ ಬರೆಯುವುದಿಲ್ಲವೇ, ಹಾಗೆ. ಚಾಲೂ ಒಂದು ಮನೆ, ಬಂದ್ ಒಂದು ಮನೆ, ಕರೆಂಟ್ ಹೋದದ್ದು ಒಂದು ಮನೆ, ನಡುವೆ ಬಾಣದ ಗೆರೆಗಳು. ಆ ಚಿತ್ರ ಕೊಟ್ಟರೆ ಕಂಪ್ಯೂಟರ್ ತಾನೇ ಎಲ್ಲ ದಾರಿ ಹುಡುಕಿ, ಒಂದೊಂದು ದಾರಿಗೂ ಒಂದೊಂದು ಪರೀಕ್ಷೆ ಕಟ್ಟಿ ಡಬ್ಬಿಯ ಮೇಲೆ ನಡೆಸುತ್ತದೆ. ಮನುಷ್ಯರಿಗೆ ಹೊಳೆಯದ ದಾರಿಯನ್ನೂ ಬಿಡುವುದಿಲ್ಲವಂತೆ. "ಯವ್ವಾ, ಇದಕ್ಕ ಬ್ಯಾಸರಕಿನ ಇಲ್ಲ, ನಿನ್ನಂಗ" ಎಂದು ನಕ್ಕಳು.

ಮೋಟಾರಿನ ಬದಲು ಒಂದು ಬಲ್ಬು ಹಚ್ಚಿದ್ದರು. ಅದರಲ್ಲೊಂದು ಪರೀಕ್ಷೆ ಬಂತು: ಕರೆಂಟ್ ಹೋಗಿದೆ, ಆ ಹೊತ್ತಿನಲ್ಲೇ ಫೋನಿನಿಂದ ಬಂದ್ ಮಾಡು, ಆಮೇಲೆ ಕರೆಂಟ್ ಬರಲಿ. ಡಬ್ಬಿಗೆ ಒಳಗೊಂದು ಸಣ್ಣ ಬ್ಯಾಟರಿಯಿದೆ, ಕರೆಂಟ್ ಇಲ್ಲದಾಗಲೂ ಫೋನಿಗೆ ಓಗೊಡುತ್ತದೆ. ಬಂದ್ ಆಗಿದೆ ಎಂದು ಉತ್ತರ ಕೊಟ್ಟಿತು. ಕರೆಂಟ್ ಬಂದ ಕೂಡಲೇ ಬಲ್ಬು ಹತ್ತಿತು.

ನಾನು ಅದನ್ನೇ ನೋಡುತ್ತಾ ನಿಂತೆ. ಅವತ್ತೂ ಕರೆಂಟ್ ಹೋಗಿತ್ತು. ಮೋಟಾರು ನೀರೆಳೆಯುವ ಬಾಯಿಯ ಜಾಳಿಗೆಗೆ ಕಟ್ಟಿದ ಕಸ ತೆಗೆಯಲು ನಿಮ್ಮಣ್ಣ ಬಾವಿಗೆ ಹೊರಟಿದ್ದರು. "ಬಂದ್ ಮಾಡೀನಿ, ಇಳಿಯೋ ಅಣ್ಣಾ" ಎಂದು ನೀನು ಫೋನ್ ನೋಡಿಕೊಂಡು ಕೂಗಿದ್ದು ನನಗೂ ಕೇಳಿತ್ತು. ಆಮೇಲೆ ಕರೆಂಟ್ ಬಂದು ಮೋಟಾರು ಚಾಲೂ ಆಗಿ ನೀರಿನಲ್ಲಿ ಕರೆಂಟ್ ಹರಿಯಿತು, ನಿಮ್ಮಣ್ಣ ಜೀವಂತ ಮೇಲೆ ಬರಲಿಲ್ಲ. ಊರವರು ನೀನು ಮರೆತೆ ಎಂದರು. ಕಡೆಗೆ ನೀನೂ ಅದನ್ನೇ ನಂಬಿ ಊರು ಬಿಟ್ಟೆ. ನೀನು ಮರೆತಿರಲಿಲ್ಲ ತಮ್ಮಾ. ವಿದ್ಯಾ ಮತ್ತೆ ಮತ್ತೆ ನಡೆಸಿ ತೋರಿಸಿದಳು, ಪ್ರತಿ ಸಲವೂ ಹತ್ತಿತು. ಡಬ್ಬಿ ಮಾಡಿದವರಿಗೆ ಅವಳ ಮೇಷ್ಟ್ರು ತಿಳಿಸಿದ್ದಾರೆ.

ಅವ್ವನಿಗೆ ಹೇಳಿದೆ. ಸೆರಗಿನಿಂದ ಮುಖ ಒರೆಸಿಕೊಂಡು ಸೀದಾ ಕಟ್ಟೆಗೆ ಹೋಗಿ, "ನನ್ನ ಮಗ ಬಂದ್ ಮಾಡಿದ್ದ, ಕೇಳಿಸ್ತೇನ್ರಿ?" ಎಂದು ಎಲ್ಲರಿಗೂ ಹೇಳಿ ಬಂದರು. ಅವತ್ತು ಎರಡು ರೊಟ್ಟಿ ಹೆಚ್ಚಿಗೆ ಉಂಡರು. ನನಗೂ ಎದೆ ಹಗುರಾಗಿದೆ. ನಿಮ್ಮಣ್ಣನ ನೆನಪಿಗೆ ಅಳು ಬರುತ್ತದೆ, ಆದರೆ ಈಗ ಬರೇ ಅಳುವೇ ಬರುತ್ತದೆ.

ಬೀರಪ್ಪ ದೇವರು ನಿನ್ನ ಬೆನ್ನಿಗಿರಲಿ.

ನಿನ್ನ ವೈನಿ,
ದಾನಮ್ಮ

ತಾ.ಕ.: ಹೊಸ ಮೋಟಾರಿಗೆ ಕೈಯಿಂದ ಎಳೆಯುವ ಮೇನ್ ಸ್ವಿಚ್ ಹಾಕಿಸಿದ್ದೇನೆ. ಜಾಳಿಗೆಗೆ ಮತ್ತೆ ಕಸ ಕಟ್ಟಿದೆ, ಬಾವಿಗಿಳಿಯಲು ಎಲ್ಲರಿಗೂ ಅಂಜಿಕೆ. ಯುಗಾದಿಗೆ ಬಾ. ನೀನು ಬಂದ್ ಮಾಡಿ ಹೇಳು, ನಾನು ಇಳಿಯುತ್ತೇನೆ.