ಸೂಜಿಯ ಚಿತ್ರ ಇರುವುದನ್ನು ಮುಟ್ಟಬೇಡ

ಪುಟ್ಟೀ,

ನೂಲಿನ ಅಂಗಡಿಗೆ ಹೋಗಿ ಬರುತ್ತೇನೆ. ಫ್ಲಾಸ್ಕಿನಲ್ಲಿ ಚಹಾ ಇದೆ. ದೊಡ್ಡಪ್ಪನಿಗೆ ಅರ್ಧ ಲೋಟ ಮಾತ್ರ ಕೊಡು, ತುಂಬಿಸಿದರೆ ಕೈ ನಡುಗಿ ಚೆಲ್ಲಿಕೊಳ್ಳುತ್ತಾರೆ.

ಕಂಪ್ಯೂಟರ್ ಮುಂದೆ ಕೂರುವ ಮೊದಲು ಇದನ್ನು ಓದು. ನಿನ್ನೆ ಹೊಸ ವಿಂಡೋಸ್ ಹಾಕಿ, ಅದರಲ್ಲಿ ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ತೋರಿಸಿದೆಯಲ್ಲ. "ಹೆಸರಿನ ಪಕ್ಕ 32 ಅಂತ ಇರೋವೆಲ್ಲ ಹಳೇ ಕಾಲದವು ದೊಡ್ಡಮ್ಮಾ, ನಾಳೆ ಕಿತ್ತು ಹಾಕ್ತೀನಿ" ಅಂದೆ. ನಾನು ಅದನ್ನು ವಯಸ್ಸು ಅಂದುಕೊಂಡು "ಪಾಪ, ಅಷ್ಟೇನೂ ವಯಸ್ಸಾಗಿಲ್ಲವಲ್ಲೇ" ಅಂದದ್ದಕ್ಕೆ ನೀನು ಬಿದ್ದು ಬಿದ್ದು ನಕ್ಕೆ. ನಗು, ಬೇಡ ಅನ್ನುವುದಿಲ್ಲ.

ಆದರೆ ಅವುಗಳಲ್ಲಿ ಸೂಜಿಯ ಚಿತ್ರ ಇರುವುದೊಂದನ್ನು ಮುಟ್ಟಬೇಡ. ನಮ್ಮ ಕಸೂತಿ ಮಿಷನ್ನಿಗೆ ಹೂ ಕಳಿಸುವುದು ಅದೇ. ದೊಡ್ಡಪ್ಪ ಬಿಡಿಸಿದ ಹೂಗಳು ಬೇರೆ ಯಾವುದರಲ್ಲೂ ತೆರೆಯುವುದಿಲ್ಲ. ಆಗೆಲ್ಲ ಅವರು ಎಡಗೈಯಲ್ಲಿ ನಿಜವಾದ ಹೂ ಹಿಡಿದು, ಬಲಗೈಯಲ್ಲಿ ಮೌಸ್ ಎಳೆಯುತ್ತಿದ್ದರು. ನಾನು ಪಕ್ಕದಲ್ಲಿ ನೂಲಿನ ಬಣ್ಣ ಹೊಂದಿಸುತ್ತಿದ್ದೆ. "ಎಲೆ ಇನ್ನೊಂಚೂರು ಬಾಗಲಿ ಅಲ್ವೇನೇ?" ಅಂತ ಕೇಳೋರು. ನಾನು ಹ್ಞೂಂ ಅನ್ನದೆ ಮಿಷನ್ ಓಡಿಸಿದವರಲ್ಲ. ಈಗ ಆ ಕೈಯಲ್ಲಿ ಒಂದು ಗೆರೆಯೂ ನೆಟ್ಟಗೆ ಬರುವುದಿಲ್ಲ. ಇರುವಷ್ಟೇ ಹೂ ನಮಗೆ.

ಉಳಿದವನ್ನು ಬೇಕಾದರೆ ತೆಗೆ. ಇದು ತೆರೆಯುವುದು ನಿಧಾನ, ಗೊಣಗಬೇಡ. ತೆರೆದ ಮೇಲೆ ದೊಡ್ಡಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಹೂ ತೋರಿಸು. ಯಾವುದು ಯಾರ ಮದುವೆಗೆ ಹೊಲಿದದ್ದು ಅಂತ ಅವರೇ ಶುರು ಮಾಡುತ್ತಾರೆ. ಈಚೆಗೆ ಮಾತೇ ಕಡಿಮೆಯಾಗಿದೆ ಅವರದು. ನಾನು ಬರುವ ತನಕ ಮಾತಾಡಲಿ.

ದೊಡ್ಡಮ್ಮ