ಬೊಟ್ಟಿಲ್ಲದ ಹುಡುಗಿ

ದಟ್ಟಗಳ್ಳಿ, ಮೈಸೂರು
೧೮ ಡಿಸೆಂಬರ್ ೨೦೨೪

ಪ್ರೀತಿಯ ಮಗಳು ನಯನಾ,

ಮೈ ಹೇಗಿದೆ? ಕೆನಡಾದ ಆ ತುದಿಯಲ್ಲಿ ಈಗ ಹೊತ್ತೇ ಹುಟ್ಟುವುದಿಲ್ಲವಂತೆ. ಕತ್ತಲೆಂದು ಊಟ ಬಿಟ್ಟು ಮಲಗಿಬಿಡಬೇಡ. ಅಜ್ಜಿಯ ಮಣ್ಣಿಗೆ ಬರಲಾಗಲಿಲ್ಲವೆಂದು ಕೊರಗಲೂ ಬೇಡ. ಹನ್ನೊಂದನೇ ದಿನದ ಕೆಲಸ ಸಾಂಗವಾಗಿ ಆಯಿತು. ಬೋಗಾದಿಯಿಂದ ಬಂದಿದ್ದ ಅಜ್ಜಿಯ ಗೆಳತಿ ಬೀರಮ್ಮ ಎಲೆಯ ಮುಂದೆ ಕೂತು, "ಪುಟ್ಟಮಾದಕ್ಕ ಇದ್ದಿದ್ರೆ ಸಾರಿಗೆ ಉಪ್ಪು ಕಮ್ಮಿ ಅಂತ ಇಷ್ಟೊತ್ಗೆ ಬೈದ್ಬುಡೋಳು" ಎಂದಳು. ನಕ್ಕೆವು, ಆಮೇಲೆ ಎಲ್ಲರೂ ಉಪ್ಪು ಕೇಳಿ ಹಾಕಿಸಿಕೊಂಡೆವು.

ಅಲ್ಲಿನ ಮೂಲನಿವಾಸಿ ಗ್ವಿಚಿನ್ ಜನರ ಹಳೇ ಫೋಟೋ ಹಿಡಿದು ಮನೆಮನೆಗೆ ಹೋಗುತ್ತೇವೆ, ಹಿರಿಯರು ಒಂದೊಂದು ಮುಖಕ್ಕೂ ಹೆಸರು ಹೇಳುತ್ತಾರೆ, ಆಮೇಲೆ ಅವರ ಜೊತೆಯಲ್ಲೇ ಹೊಳೆದಂಡೆಗೆ ಹೋಗಿ ಹಿಂದಿನವರು ಮೀನು ಒಣಗಿಸುತ್ತಿದ್ದ ಜಾಗ ಅಗೆಯುತ್ತೇವೆ ಎಂದು ನೀನು ಬರೆದಾಗ ನಾನು ನಕ್ಕಿದ್ದೆ. ಒಡೆದ ಮನೆಗಳ ಬಾಗಿಲು, ಕಿಟಕಿ ಮಾರಿ ಮೇಲೆ ಬಂದವನು ನಾನು. ಗಿರಾಕಿ ಸಿಕ್ಕರೆ ಹಳೇ ತೇಗ, ಸಿಗದಿದ್ದರೆ ಸೌದೆ. ಇಷ್ಟೇ ನನ್ನ ಓದು. ಆದರೂ ನೀನು ಹೇಳಿದೆಯೆಂದು ಬೋಗಾದಿಯ ನಮ್ಮ ಕೇರಿಯ ಹಳೇ ಫೋಟೋ ಹಿಡಿದು ಅಜ್ಜಿಯನ್ನು ಕರೆದೊಯ್ದೆ. ಕೇರಿ ಎಲ್ಲಿದೆ? ಬರೀ ಪಿ.ಜಿ.ಗಳು. ಅಜ್ಜಿ ರಸ್ತೆಯ ಇಳಿಜಾರು ನೋಡಿದಳು, ಉಳಿದಿದ್ದ ಒಂದು ಅರಳಿಮರ ನೋಡಿದಳು, ಸುದರ್ಶನ ಎಂಬುವವರು ಸಂಪು ತೋಡಿಸುತ್ತಿದ್ದ ಸೈಟಿಗೆ ನೇರ ನಡೆದು, "ಇಲ್ಲೇ ಕಣ್ಲಾ ನಮ್ ಬಾವಿ" ಎಂದಳು. ತೋಡುವವರು ಅಜ್ಜಿಗೆ ಅರಳುಮರಳು ಎಂದುಕೊಂಡರು. ನನ್ನ ಬಾಯಿ ನಿನಗೆ ಗೊತ್ತಲ್ಲ, ಅಲ್ಲೇ ಅಗೆಯಲು ಒಪ್ಪಿಸಿದೆ. ಸಂಜೆಗೆ ಹಗ್ಗ ಉಜ್ಜಿ ಗೀರುಬಿದ್ದ ಬಾವಿಕಲ್ಲು ಸಿಕ್ಕಿತು. ಅಜ್ಜಿ ಗೀರಿನೊಳಗೆ ಬೆರಳಿಟ್ಟು, "ಇದು ನಮ್ಮವ್ವ ಸೇದಿ ಸೇದಿ ಆಗಿದ್ದು" ಎಂದಳು. ಕಲ್ಲು ಈಗ ಅಂಗಡಿಯಲ್ಲಿದೆ. ಇಷ್ಟು ವರ್ಷದ ವ್ಯಾಪಾರದಲ್ಲಿ ಕೊಡುವುದಿಲ್ಲ ಎಂದು ನಾನು ಹೇಳಿದ ಸಾಮಾನು ಅದೊಂದೇ.

ಆ ಫೋಟೋದ ಸಂಗತಿ ನಿನಗೆ ಗೊತ್ತು. ಪ್ರತಿ ಮಹಾಲಯ ಅಮಾವಾಸ್ಯೆಗೆ ಅಜ್ಜಿ ಅದರಲ್ಲಿರುವ ತೀರಿಹೋದವರನ್ನೆಲ್ಲ ಹೆಸರು ಹಿಡಿದು ಕರೆದು ಹಣೆಗೆ ಕುಂಕುಮ ಇಡುತ್ತಿದ್ದಳು. ಬಾವಿಕಟ್ಟೆಯ ಮೂಲೆಯಲ್ಲಿ ಬಿಂದಿಗೆ ತಬ್ಬಿ ನಿಂತ ಹುಡುಗಿಗೆ ಮಾತ್ರ ಇಲ್ಲ. ಅದು ಅಜ್ಜಿಯೇ, ಆಗಿನ್ನೂ ಬದುಕಿದ್ದವಳು. ಕುಂಕುಮ ಫೋಟೋವನ್ನು ತಿನ್ನುತ್ತದೆ, ಇನ್ನು ಯಾರೂ ಬೊಟ್ಟಿಡಬಾರದು, ಬಟ್ಟೆಯಲ್ಲಿ ಸುತ್ತಿಡಿ ಎಂದು ನೀನು ಹೇಳಿದೆ. ಸರಿಯಾಗಿಯೇ ಹೇಳಿದೆ, ಕೆಲವು ಮುಖಗಳು ಆಗಲೇ ಸವೆದಿವೆ. ಅಜ್ಜಿಗೆ ತಿಳಿಸಿದೆ. "ಇನ್ಮ್ಯಾಕೆ ಯಾರ್ಗೂ ಇಕ್ಕಂಗಿಲ್ವಾ?" ಎಂದು ಕೇಳಿದಳು. ಇಲ್ಲ ಕಣವ್ವ ಎಂದೆ. "ಓದಿದ್ ಮೊಮ್ಮಗ್ಳು ಹೇಳ್ದಂಗೇ ಆಗ್ಲಿ ಬುಡು" ಎಂದು, ಎಲ್ಲರ ಹೆಸರನ್ನೂ ನನ್ನ ಫೋನಿಗೆ ಹೇಳಿದಳು. ಮಾರನೆಯ ದಿನ ತಾನೇ ಫೋಟೋ ಸುತ್ತಿ ಬೀರುವಿನಲ್ಲಿಟ್ಟಳು.

ಆ ದನಿಯನ್ನು ನಿನಗೆ ಕಳಿಸುತ್ತೇನೆ. ಅಲ್ಲಿನ ಅಜ್ಜಿಯರಿಗೂ ಕೇಳಿಸು. ಮಾತು ತಿಳಿಯದಿದ್ದರೂ, ಹೋದವರನ್ನು ಕರೆಯುವ ದನಿ ತಿಳಿದೀತು.

ಬೆಚ್ಚಗಿರು. ಹಿಡಿದ ಕೆಲಸ ನಿನ್ನ ಕೈಹತ್ತಲಿ.

ನಿನ್ನ ಅಪ್ಪ,
ಗುರುಸಿದ್ದಯ್ಯ

ಲಕೋಟೆ ಅಂಟಿಸುವ ಮುಂಚೆ: ಸ್ಕ್ಯಾನ್ ಮಾಡಿಸಲೆಂದು ಈಗಷ್ಟೇ ಫೋಟೋ ಬಿಚ್ಚಿದೆ. ಬಿಂದಿಗೆ ಹುಡುಗಿಯ ಹಣೆಯಲ್ಲೂ ಬೊಟ್ಟಿದೆ. ನಾನಿಟ್ಟಿದ್ದಲ್ಲ, ನಿನ್ನಮ್ಮನೂ ಅಲ್ಲ. ಸುತ್ತಿಡುವ ಮುಂಚೆ ಅವಳೇ ಇಟ್ಟುಕೊಂಡಿದ್ದಾಳೆ. ತಾನು ಹೋದ ಮೇಲೆ ಯಾರೂ ಇಡುವುದಿಲ್ಲವಲ್ಲ. ಇದೊಂದನ್ನು ಒರೆಸು ಅಂತ ಹೇಳಬೇಡ ಕಣಮ್ಮ.